ಮೊದಲು ಹುಲ್ಲು, ಆಮೇಲೆ ಕಾಗದ

ಅಮೆರಿಕದಲ್ಲಿ ಸಾಲ ತೀರಿಸಲಾಗದೆ ಜನ ಮನೆ ಕಳೆದುಕೊಳ್ಳುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಬಡಾವಣೆಯಲ್ಲಿ ಯಾರ ಮನೆ ಬ್ಯಾಂಕಿನ ಪಾಲಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಹುಲ್ಲೇ ಹೇಳುತ್ತಿತ್ತು. ವಾರಕ್ಕೊಮ್ಮೆ ನುಣ್ಣಗೆ ಕತ್ತರಿಸುತ್ತಿದ್ದ ಮನೆಮುಂದಿನ ಹುಲ್ಲು ಪಾದ ಮುಚ್ಚುವಷ್ಟು ಬೆಳೆಯಿತೆಂದರೆ ಆ ಮನೆಯವರು ಕಷ್ಟದಲ್ಲಿದ್ದಾರೆ. ಮೊಣಕಾಲಿಗೆ ಬಂತೆಂದರೆ ಮನೆಯೇ ಖಾಲಿ. ಸಂಜೆ ವಾಕಿಂಗ್ ಹೋಗುವವರು ಅಂಥ ಮನೆ ಬಂದಾಗ ಮಾತು ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಶುರು ಮಾಡುತ್ತಿದ್ದರು. ಅಂಥ ಕಾಲದಲ್ಲಿ ಬೇಕೆಂದೇ ಹುಲ್ಲು ಬೆಳೆಸಲು ಹೊರಟ ಮಹಾನುಭಾವ ನಾನು.

ಅದಕ್ಕೆ ಮುಂಚೆ ಎಂಟು ವರ್ಷ ಕಾರು ಕಂಪನಿಗಳ ಊರಾದ ವಾರೆನ್‌ನಲ್ಲಿ ಇದ್ದೆ. ಕಾರಿನೊಳಗೆ ತಣ್ಣನೆ ಗಾಳಿ ಬರುವ ಕೊಳವೆಗಳನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ಕೊಳವೆ ಎಂದರೆ ಜನ ನಗುತ್ತಾರೆ, ಆದರೆ ಗಾಳಿಯನ್ನು ಸದ್ದಿಲ್ಲದೆ ಮೂಲೆ ತಿರುಗಿಸುವುದು ಸಣ್ಣ ವಿದ್ಯೆಯಲ್ಲ. ಒಂದು ಗುರುವಾರ ಬೆಳಿಗ್ಗೆ ಕರೆದು ಕೂರಿಸಿ, ಬಹಳ ಮರ್ಯಾದೆಯಿಂದ, ಕೆಲಸ ಇಲ್ಲ ಎಂದರು. ಮೂರು ತಿಂಗಳಲ್ಲಿ ಹೆಂಡತಿಗೆ ಓಕ್ ಬ್ರೂಕ್ ಹತ್ತಿರದ ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಕೆಲಸ ಸಿಕ್ಕಿತು. ಗಂಟುಮೂಟೆ ಕಟ್ಟಿಕೊಂಡು ಷಿಕಾಗೋ ಕಡೆಗೆ ಬಂದು ವುಡ್‌ರಿಡ್ಜ್‌ನಲ್ಲಿ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದೆವು. ಅವಳು ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಆರಕ್ಕೆ ಬರುತ್ತಿದ್ದಳು. ನಾನು ಲ್ಯಾಪ್‌ಟಾಪ್ ಮುಂದೆ ಕುಳಿತು ಕಂಡಕಂಡ ಕಡೆಗೆಲ್ಲ ಅಪ್ಲೈ ಮಾಡುತ್ತಿದ್ದೆ. ಕನ್ನಡದವರ ಮನೆಗಳ ಪೂಜೆ, ಆಳಿಗೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ ಊಟಗಳಿಗೆ ಹೋಗುವುದನ್ನು ಬಿಟ್ಟುಬಿಟ್ಟೆ. ಕೈಗೆ ಪುಳಿಯೋಗರೆ ತಟ್ಟೆ ಕೊಡುವ ಮೊದಲೇ ಯಾವುದಾದರೂ ಅಂಕಲ್ "ಮತ್ತೆ, ಎಲ್ಲೆಲ್ಲಿ ಅಪ್ಲೈ ಮಾಡಿದೀಯಪ್ಪಾ?" ಅನ್ನುತ್ತಿದ್ದರು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಮನೆಯಲ್ಲಿ ಬ್ರೆಡ್ ತಿನ್ನುವುದು ವಾಸಿ ಅನ್ನಿಸುತ್ತಿತ್ತು.

ನಮ್ಮ ಸಾಲಿನ ಮನೆಗಳ ಹಿಂದೆ ಉದ್ದಕ್ಕೂ ಒಂದು ತಗ್ಗು. ಮನೆಮುಂದಿನ ಹುಲ್ಲು ಅವರವರ ಪಾಡು, ಹಿಂದಿನ ಈ ತಗ್ಗು ಮಾತ್ರ ಎಲ್ಲರದು. ಮಳೆ ಬಂದಾಗ ಸೂರುಗಳ ನೀರು, ಕಾರು ನಿಲ್ಲಿಸುವ ಡ್ರೈವ್‌ವೇಗಳ ನೀರು ಎಲ್ಲ ಅಲ್ಲಿಗೆ ಇಳಿದು, ಹುಲ್ಲಿಗೆ ಸುರಿದ ಗೊಬ್ಬರವನ್ನೂ ಎಳೆದುಕೊಂಡು ಕೊನೆಯಲ್ಲಿರುವ ಕೊಳಕ್ಕೆ ಸೇರುತ್ತಿತ್ತು. ಕೊಳವೋ, ಬೇಸಿಗೆ ಬಂದರೆ ಪಾಚಿ ಕಟ್ಟಿ ಗಬ್ಬು ನಾರುತ್ತಿತ್ತು. ಬಾತುಕೋಳಿಗಳು ಕೂಡ ದಂಡೆಯ ಮೇಲೆ ಕುಳಿತು ನೋಡುತ್ತಿದ್ದವೇ ಹೊರತು ಇಳಿಯುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದರು. ಅಮೆರಿಕದ ಹೆಂಗಸು, ಎಪ್ಪತ್ತರ ಆಸುಪಾಸು, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವರು. ಅವರು ಎರಡು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದರಂತೆ. ಆ ತಗ್ಗಿನ ಹುಲ್ಲುಹಾಸು ಕಿತ್ತು, ಈ ಸೀಮೆಯಲ್ಲಿ ಹಿಂದೆ ತಾನಾಗಿ ಬೆಳೆಯುತ್ತಿದ್ದ ಹುಲ್ಲು, ಹೂಗಿಡ ಬಿತ್ತಿದರೆ ನೀರು ಅಲ್ಲೇ ಇಂಗುತ್ತದೆ, ಗೊಬ್ಬರ ಬೇಡ, ಹುಲ್ಲು ಕತ್ತರಿಸುವ ಮೆಷಿನ್ ಬೇಡ, ಕೊಳವೂ ತಿಳಿಯಾಗುತ್ತದೆ ಎಂದು. ಬಡಾವಣೆಯ ಸಂಘದ ಮೀಟಿಂಗಿನಲ್ಲಿ ಯಾರೂ ಕಿವಿಗೊಟ್ಟಿರಲಿಲ್ಲ. ಆ ವರ್ಷ ನಾನು ಜೊತೆಗೆ ಹೋದೆ. ಬಾಡಿಗೆಯವರಿಗೆ ಅಲ್ಲಿ ಮತ ಇಲ್ಲ, ಆದರೆ ಕೆಲಸ ಮಾಡುತ್ತೇನೆಂದು ಎದ್ದು ನಿಂತವನನ್ನು ಯಾರೂ ತಡೆಯುವುದಿಲ್ಲ. ಮಳೆ ನಿಂತ ಮೇಲೆ ತಗ್ಗಿನಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೆಂದು ಕೋಲು ನೆಟ್ಟು ಅಳೆದು, ನಕ್ಷೆ ಬರೆದು ಮುಂದಿಟ್ಟೆ. ನಕ್ಷೆ ಕಂಡರೆ ಜನ ನಂಬುತ್ತಾರೆ ಎಂಬುದು ನಾನು ವಾರೆನ್‌ನಲ್ಲಿ ಕಲಿತ ಪಾಠ. ಕೊನೆಗೆ, ನಮ್ಮ ಮನೆಯ ಹಿಂದಿನ ನೂರು ಅಡಿ ಮಾತ್ರ, ಅದೂ ಒಂದು ಬೇಸಿಗೆಯ ಮಟ್ಟಿಗೆ ಎಂದು ಒಪ್ಪಿದರು. ಆಗಸ್ಟ್‌ನಲ್ಲಿ ಒಂದು ಶನಿವಾರ ಸಂಘದ ಐದು ಜನ ಬಂದು ನೋಡುತ್ತಾರೆ. ಸರಿ ಕಂಡರೆ ಇಡೀ ತಗ್ಗಿಗೆ ವಿಸ್ತರಣೆ, ಇಲ್ಲವಾದರೆ ಮತ್ತೆ ಹುಲ್ಲುಹಾಸು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಪರಿಸರದ ಮೇಲಿನ ಪ್ರೀತಿಯಿಂದ ನಾನು ಅದಕ್ಕೆ ಇಳಿಯಲಿಲ್ಲ. ಆ ವರ್ಷ ನಾನು ಕೈಹಾಕಿದ್ದೆಲ್ಲ ಮಣ್ಣಾಗಿತ್ತು. ನಾನು ಶುರುಮಾಡಿದ್ದು ಎಂದು ಬೆರಳು ಮಾಡಿ ತೋರಿಸಲು ಆ ನೂರು ಅಡಿ ಬಿಟ್ಟರೆ ನನ್ನ ಹತ್ತಿರ ಬೇರೇನೂ ಇರಲಿಲ್ಲ. ಅದೂ ಹೋದರೆ ನಾನು ಏನಕ್ಕೂ ಬಾರದವನು ಎಂದು ನನಗೇ ಖಾತ್ರಿಯಾಗಿಬಿಡುತ್ತದೆ ಎಂಬ ಹೆದರಿಕೆ ನನಗಿತ್ತು.

ಏಪ್ರಿಲ್ ಕೊನೆಯಲ್ಲಿ ಟೀಚರ್ ಕೊಟ್ಟ ಬೀಜ ಬಿತ್ತಿದೆ. ಜೊತೆಗೆ ಅವರು ಒಂದು ಎರಡು ಪುಟದ ಟಿಪ್ಪಣಿಯನ್ನೂ ಕೊಟ್ಟರು. ಮೇ ತಿಂಗಳಲ್ಲಿ ಅತ್ತೆಯವರು ಬಂದರು.

ಅತ್ತೆಯವರೆಂದರೆ ನನ್ನ ಹೆಂಡತಿಯ ತಾಯಿ, ಗದಗದ ಕಡೆಯವರು. ಟಿಕೆಟ್ಟು ನನ್ನ ಕೆಲಸ ಹೋಗುವ ಮೊದಲೇ ಆಗಿತ್ತು, ಬೇಡವೆನ್ನುವ ಹಾಗಿರಲಿಲ್ಲ. ಆರು ತಿಂಗಳು, ಹಗಲೆಲ್ಲ ಮನೆಯಲ್ಲಿ ಕೆಲಸವಿಲ್ಲದ ಅಳಿಯ ಮತ್ತು ಅತ್ತೆ, ಇಬ್ಬರೇ. ಮೈಸೂರಿನವನಾದ ನನಗೆ ಅತ್ತೆಯ ಜೊತೆ ಹರಟೆ ಹೊಡೆಯುವುದು ದೊಡ್ಡ ಸಂಗತಿಯಲ್ಲ. ಅವರದು ಬೇರೆ ಪದ್ಧತಿ. ಅಳಿಯನ ಮುಂದೆ ತಲೆಯ ಮೇಲೆ ಸೆರಗು, ಅಳಿಯನ ಎದುರು ಕುರ್ಚಿಯಲ್ಲಿ ಕೂರುವ ಹಾಗಿಲ್ಲ, ಅಳಿಯನ ಜೊತೆ ನೇರ ಮಾತಿಲ್ಲ. ಮಗಳು ಇದ್ದರೆ ಅವಳ ಮೂಲಕ ಹೇಳಿಸುತ್ತಿದ್ದರು. ಮಗಳು ಆಸ್ಪತ್ರೆಗೆ ಹೋದ ಮೇಲೆ ಆ ಕೆಲಸ ಫ್ರಿಜ್ಜಿನ ಪಾಲಿಗೆ ಬಂತು. ಫ್ರಿಜ್ಜಿನ ಕಡೆ ಮುಖ ಮಾಡಿ, "ಊಟಕ್ಕ ಏಳಬೇಕಂತ, ರೊಟ್ಟಿ ಆರ್ತಾವಂತ" ಎನ್ನುತ್ತಿದ್ದರು. ನಾನು ಎದ್ದು ಹೋಗಿ ಉಣ್ಣುತ್ತಿದ್ದೆ. ಮದುವೆಯಾಗಿ ಆರು ವರ್ಷವಾಗಿತ್ತು, ಅವರು ನನ್ನನ್ನು ಉದ್ದೇಶಿಸಿ ಒಂದು ವಾಕ್ಯ ಆಡಿದ್ದು ನನಗೆ ನೆನಪಿಲ್ಲ.

ಐವತ್ತು ವರ್ಷ ಜೋಳದ ಹೊಲದಲ್ಲಿ ಕಳೆ ತೆಗೆದ ಜೀವ ಅದು. ಅಡುಗೆಮನೆಯ ಕಿಟಕಿಯಿಂದ ನನ್ನ ತಗ್ಗನ್ನು ನೋಡುತ್ತ ನಿಲ್ಲುತ್ತಿದ್ದರು. ಜೂನ್‌ನಲ್ಲಿ ಅಲ್ಲಿ ಹಸಿರು ಎದ್ದಿತು, ಜುಲೈ ಹೊತ್ತಿಗೆ ಮೊಣಕಾಲು, ಆಗಸ್ಟ್‌ಗೆ ಸೊಂಟ. ನಾನು ದಿನಾ ಬೆಳಿಗ್ಗೆ ಅಳತೆಪಟ್ಟಿ ಹಿಡಿದು ಹೋಗಿ ಎತ್ತರ ಬರೆದಿಟ್ಟುಕೊಳ್ಳುತ್ತಿದ್ದೆ. ಒಂದು ಸಂಜೆ ಅತ್ತೆಯವರು ಮಗಳಿಗೆ ಮೆಲ್ಲಗೆ, "ಬರೇ ಕಸ ಬೆಳದೈತಲ್ಲವಾ, ಇದನ್ನ ಯಾಕ ಅಳೀತಾರ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಹಳ್ಳಿಯ ಹೆಂಗಸಿಗೆ ಅಮೆರಿಕದ ಗಿಡಗಳ ಬಗ್ಗೆ ಏನು ಗೊತ್ತು ಎಂದು ನನ್ನೊಳಗೇ ನಕ್ಕೆ.

ಬೀದಿಯವರಿಗೆ ನಗು ಬರುತ್ತಿರಲಿಲ್ಲ. ಎದುರು ಸಾಲಿನ ಒಬ್ಬ ಮನುಷ್ಯ ಬೇಲಿಯ ಆಚೆಯಿಂದ ಕೂಗಿ, ನಮ್ಮ ಬೀದಿಯನ್ನೂ ಖಾಲಿಮನೆಗಳ ಬೀದಿ ಮಾಡಬೇಕೆಂದಿದ್ದೀಯಾ ಎಂದು ಕೇಳಿದ. ಅವನ ಸಿಟ್ಟು ಹುಲ್ಲಿನ ಮೇಲಲ್ಲ ಎಂಬುದು ನನಗೂ ಗೊತ್ತಿತ್ತು. ನಮ್ಮ ಸಾಲಿನ ಮೂಲೆಮನೆಯಲ್ಲಿ ಜೂನ್ ತಿಂಗಳಿಂದ ಹುಲ್ಲು ಕತ್ತರಿಸಿರಲಿಲ್ಲ. ಆ ಮನೆಯವನು ಕಟ್ಟಡ ಕಂಟ್ರಾಕ್ಟರ್, ಕಟ್ಟಡಗಳೇ ನಿಂತುಹೋಗಿದ್ದವು. ಒಂದು ದಿನ ಅವರ ಬಾಗಿಲಿಗೆ ಬ್ಯಾಂಕಿನ ಒಂದು ಕಾಗದ ಅಂಟಿಸಿದ್ದು ಕಂಡಿತು. ಜುಲೈ ಮಧ್ಯದಲ್ಲಿ ಬಾಡಿಗೆಯ ಟ್ರಕ್ಕು ಬಂತು. ಗಂಡ, ಹೆಂಡತಿ ಇಬ್ಬರೂ ಯಾರ ಮುಖವನ್ನೂ ನೋಡದೆ ಸಾಮಾನು ತುಂಬಿಸಿಕೊಂಡು ಹೋದರು. ಅತ್ತೆಯವರು ನಮ್ಮ ಮುಂಬಾಗಿಲಲ್ಲಿ ನಿಂತು ಕೊನೆಯ ಕುರ್ಚಿ ಟ್ರಕ್ಕಿಗೆ ಏರುವ ತನಕ ನೋಡಿದರು. ಅವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ ಎಂದು ಹೆಂಡತಿ ಹೇಳಿದಳು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಸಂಘದವರು ಬರುವ ಶನಿವಾರಕ್ಕೆ ಇನ್ನು ಆರು ದಿನವಿದೆ ಎನ್ನುವಾಗ ವಾರೆನ್‌ನಿಂದ ಫೋನ್ ಬಂತು. ಹಳೆಯ ಸಹೋದ್ಯೋಗಿಯೊಬ್ಬ ಹೊಸ ಜಾಗ ಸೇರಿದ್ದ, ಅಲ್ಲೊಂದು ಇಂಟರ್‌ವ್ಯೂ ಮಾಡಿಸಿದ್ದ. ಮುನ್ನೂರು ಮೈಲಿ. ಸೋಮವಾರ ಬೆಳಿಗ್ಗೆ ಹೊರಟೆ. ಮಂಗಳವಾರ ಇಂಟರ್‌ವ್ಯೂ, ಬುಧವಾರ ಮತ್ತೆ ಬರಹೇಳಿದರು. ಬುಧವಾರ ಹೋದರೆ, ಎದುರಿಗೆ ಕುಳಿತ ಮನುಷ್ಯ ಪಾಪ ನನಗಿಂತ ಹೆಚ್ಚು ಸಂಕಟಪಟ್ಟುಕೊಂಡು, ಹೊಸಬರನ್ನು ತೆಗೆದುಕೊಳ್ಳಬಾರದೆಂದು ನಿನ್ನೆ ಸಂಜೆಯೇ ಮೇಲಿಂದ ಆಜ್ಞೆ ಬಂದಿದೆ ಎಂದ. ನಾನೇ ಅವನಿಗೆ ಪರವಾಗಿಲ್ಲ ಎಂದು ಸಮಾಧಾನ ಹೇಳಿ ಕಾರು ಹತ್ತಿದೆ. ದಾರಿಯುದ್ದಕ್ಕೂ ರೇಡಿಯೋ ಹಾಕಲಿಲ್ಲ. ಇರಲಿ, ಮನೆಗೆ ಹೋದರೆ ತಗ್ಗು ಇದೆ, ಶನಿವಾರ ಇದೆ ಎಂದುಕೊಂಡು ಹೆದ್ದಾರಿಯ ಎಕ್ಸಿಟ್‌ಗಳನ್ನು ಒಂದೊಂದಾಗಿ ದಾಟುತ್ತ ಬಂದೆ.

ಸಂಜೆ ಐದಕ್ಕೆ ತಲುಪಿದವನು ಮನೆಯೊಳಗೂ ಹೋಗದೆ ನೇರ ಹಿಂದಕ್ಕೆ ಹೋದೆ. ತಗ್ಗು ಬೋಳಾಗಿತ್ತು.

ನೂರು ಅಡಿ ಉದ್ದಕ್ಕೂ ಸೊಂಟದೆತ್ತರದ ಹಸಿರು ಮಾಯ. ಗೇಣುದ್ದದ ಕೂಳೆ ಮಾತ್ರ ಉಳಿದಿತ್ತು, ಸುಗ್ಗಿ ಮುಗಿದ ಹೊಲದಲ್ಲಿ ಉಳಿಯುವ ಹಾಗೆ. ಅಲ್ಲಲ್ಲಿ ಹಳದಿ ಹೂವಿನ ಕೆಲವು ಗಿಡಗಳು ಒಂಟಿಯಾಗಿ ನಿಂತಿದ್ದವು. ಕೊಯ್ದ ಹುಲ್ಲನ್ನೆಲ್ಲ ಹೊರೆ ಕಟ್ಟಿ ನಮ್ಮ ಡ್ರೈವ್‌ವೇ ಪಕ್ಕ ಸಾಲಾಗಿ ಇಟ್ಟಿತ್ತು. ಎದುರು ಸಾಲಿನವನೇ ಮೆಷಿನ್ ಓಡಿಸಿದನೆಂದು ಮೊದಲು ಅನ್ನಿಸಿತು. ಆದರೆ ಮೆಷಿನ್ನು ಹೊರೆ ಕಟ್ಟುವುದಿಲ್ಲ, ಅದೂ ಹುಲ್ಲಿನ ಹಗ್ಗ ಹೊಸೆದು. ಹಿಂಬಾಗಿಲ ಮೆಟ್ಟಿಲ ಮೇಲೆ ನಮ್ಮ ಮನೆಯ ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ತೊಳೆದು ಒಣಗಲು ಇಟ್ಟಿತ್ತು.

ಒಳಗೆ ಹೋಗಿ ಕೂಗಾಡಿದೆ. "ಯಾರು ಮಾಡಿದ್ದು ಇದು? ಯಾರನ್ನ ಕೇಳಿ ಮಾಡಿದ್ದು? ನಾಲ್ಕು ತಿಂಗಳು ಒದ್ದಾಡಿ ಬೆಳೆಸಿದೀನಿ, ಶನಿವಾರ ಅವರು ಬರ್ತಾರೆ, ಏನು ತೋರಿಸ್ಲಿ ನಾನು, ನನ್ನ ತಲೆನಾ?" ಹೆಂಡತಿ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಅತ್ತೆಯವರು ಒಲೆಯ ಮುಂದೆ ನಿಂತಿದ್ದರು. ವಾರೆನ್‌ನಲ್ಲಿ ಆಡಲಾಗದ ಮಾತೆಲ್ಲ ಆ ಅಡುಗೆಮನೆಯಲ್ಲಿ ಹೊರಗೆ ಬಂತು ಎಂದು ಈಗ ಗೊತ್ತಾಗುತ್ತದೆ. ಆಗ ಗೊತ್ತಾಗಲಿಲ್ಲ.

ಅವರು ಒಲೆ ಆರಿಸಿದರು. ಫ್ರಿಜ್ಜಿನ ಕಡೆ ತಿರುಗಲಿಲ್ಲ. ನನ್ನ ಮುಖವನ್ನೇ ನೋಡಿ ಹೇಳಿದರು.

"ನಾನ ಕೊಯ್ದೀನಿ. ಎರಡು ದಿನ ಹಿಡೀತು. ಆ ಮೂಲಿ ಮನಿ ಮುಂದ ಮೊದಲ ಹುಲ್ಲು ಬೆಳೀತು. ಆಮ್ಯಾಲ ಬಾಗಲಿಗೆ ಕಾಗದ ಹಚ್ಚಿದ್ರು. ಆಮ್ಯಾಲ ಗಾಡಿ ಬಂತು, ಅವರು ಹ್ವಾದ್ರು. ನಮ್ಮ ಮನಿ ಹಿಂದ ಹುಲ್ಲು ಬೆಳದಿತ್ತು. ನೀವು ಹ್ವಾದ ದಿನಾನ ನಮ್ಮ ಬಾಗಲಿಗೂ ಕಾಗದ ಹಚ್ಯಾರ. ಗಾಡಿ ಬರೂ ತನಕ ಕೈ ಕಟ್ಟಿ ಕುಂದ್ರಲೇನು ನಾ?"

ನಾನು ಬಾಯಿ ತೆರೆದೆ. ಅವರು ಬಿಡಲಿಲ್ಲ.

"ನಿಮಗ ನೌಕರಿ ಇಲ್ಲ. ನನ್ನ ಮಗಳು ಒಬ್ಬಾಕೀನ ದುಡೀತಾಳ. ಮನಿನೂ ಹ್ವಾದ್ರ ಎಲ್ಲಿ ಇರ್ತೀರಿ ನೀವಿಬ್ರೂ?"

ನಿಮಗೆ ನೌಕರಿ ಇಲ್ಲ ಎಂಬ ಮಾತನ್ನು ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಹೆಂಡತಿ "ಬ್ರೇಕ್" ಅನ್ನುತ್ತಿದ್ದಳು, ನಾನು "ಹುಡುಕ್ತಾ ಇದೀನಿ" ಅನ್ನುತ್ತಿದ್ದೆ. ಆ ಮಾತು ಬಂದ ಮೇಲೆ ನನ್ನ ಸಿಟ್ಟಿಗೆ ಮುಂದೆ ದಾರಿ ಸಿಗಲಿಲ್ಲ. ಅವರು ಮೇಜಿನ ಮೇಲಿದ್ದ ಕಿತ್ತಳೆ ಬಣ್ಣದ ಕಾಗದವನ್ನು ನನ್ನ ಕಡೆ ಸರಿಸಿದರು. ಸಂಘದ ಪರವಾಗಿ ಬಡಾವಣೆ ಸುತ್ತುವ ಯಾರೋ ಹೊಸಬ, ಈ ಪ್ರಯೋಗದ ಸುದ್ದಿ ತಿಳಿಯದೆ ಅಂಟಿಸಿಹೋಗಿದ್ದ: ಹುಲ್ಲು ಮಿತಿ ಮೀರಿದೆ, ಏಳು ದಿನದೊಳಗೆ ಕತ್ತರಿಸುವುದು. ಅಷ್ಟೇ. ಹೆಂಡತಿ ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಓಡುವ ಅವಸರದಲ್ಲಿ ಅದನ್ನು ಓದಿ, "ಹುಲ್ಲು ಕಡೀಬೇಕಂತವಾ, ಅವರು ಬರಲಿ" ಎಂದು ಮೇಜಿನ ಮೇಲಿಟ್ಟು ಹೋಗಿದ್ದಳು. ನಾನು ಇಂಟರ್‌ವ್ಯೂನಲ್ಲಿ ಇದ್ದೇನೆಂದು ಫೋನೂ ಮಾಡಿರಲಿಲ್ಲ, ಸಂಜೆ ಬಂದು ಮನೆಯ ಹಿಂದಕ್ಕೆ ಇಣುಕಿಯೂ ಇರಲಿಲ್ಲ. ಅತ್ತೆಯವರು ಮಾತ್ರ ಆ ಕಾಗದವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಇಂಗ್ಲಿಷ್ ಓದಲು ಬಾರದವರು ಕಣ್ಣಿಂದ ಕಂಡದ್ದನ್ನು ಒಂದಕ್ಕೊಂದು ಜೋಡಿಸಿದ್ದರು. ಹುಲ್ಲು, ಕಾಗದ, ಟ್ರಕ್ಕು. ನಾನು ಎಂಜಿನಿಯರ್, ಆ ಲೆಕ್ಕದಲ್ಲಿ ಒಂದು ತಪ್ಪನ್ನೂ ಹುಡುಕಲಾರದೆ ಹೋದೆ.

ಆದರೂ ತಗ್ಗು ಬೋಳಾಗಿದ್ದು ಬೋಳಾಗಿದ್ದೇ. ಹೊರಗೆ ಬಂದು ನೋಡಿದರೆ ಟೀಚರ್ ಮನೆ ಮುಂದೆ ಕಾರು ನಿಂತಿತ್ತು. ಅವರು ಎರಡು ತಿಂಗಳು ಊರಲ್ಲಿರಲಿಲ್ಲ. ಮಗಳ ಹೆರಿಗೆಗೆಂದು ಹೋದವರು ಅವತ್ತೇ ವಾಪಸು ಬಂದಿದ್ದರು. ಎರಡು ವರ್ಷ ಈ ಒಂದು ಕೆಲಸಕ್ಕಾಗಿ ಹೋರಾಡಿದ ಹೆಂಗಸಿಗೆ, ನಮ್ಮತ್ತೆ ಬ್ರೆಡ್ ಚಾಕುವಿನಲ್ಲಿ ಎಲ್ಲವನ್ನೂ ಕೊಯ್ದುಹಾಕಿದ್ದಾರೆ ಎಂದು ಹೇಗೆ ಹೇಳುವುದು? ಬಾಗಿಲು ತಟ್ಟಿ, ತಲೆ ತಗ್ಗಿಸಿಕೊಂಡು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಕನ್ನಡಕ ಹುಡುಕಿಕೊಂಡು ನನ್ನ ಹಿಂದೆ ಬಂದರು.

ತಗ್ಗಿನ ಅಂಚಿನುದ್ದಕ್ಕೂ ಒಮ್ಮೆ ನಡೆದು ನೋಡಿದರು. ಆಮೇಲೆ ಕಷ್ಟಪಟ್ಟು ಮೊಣಕಾಲೂರಿ, ಕೂಳೆಯನ್ನು ಎರಡೂ ಕೈಯಿಂದ ಸರಿಸಿ ನೆಲಕ್ಕೆ ಮುಖ ತಂದರು. ನನ್ನನ್ನೂ ಬಗ್ಗು ಎಂದರು. ಬಗ್ಗಿ ನೋಡಿದೆ. ಕೊಯ್ದ ದಂಟುಗಳ ನಡುವೆ, ಮೂರು ಬೆರಳಿಗಿಂತ ಎತ್ತರವಿಲ್ಲದ ಪುಟ್ಟಪುಟ್ಟ ಎಲೆಗಳು. ಒಂದಲ್ಲ ಎರಡಲ್ಲ, ನೋಡುತ್ತ ಹೋದಷ್ಟೂ ಇದ್ದವು. ನಾವು ಬಿತ್ತಿದ ಗಿಡಗಳು ಇವು, ಎಂದರು ಟೀಚರ್. ಇವು ಮೊದಲ ವರ್ಷ ಮೇಲಕ್ಕೆ ಬೆಳೆಯುವುದಿಲ್ಲವಂತೆ, ಕೆಳಗೆ ಬೇರು ಇಳಿಸುವುದರಲ್ಲೇ ಬೇಸಿಗೆ ಕಳೆಯುತ್ತವಂತೆ. ಹಾಗಾದರೆ ಸೊಂಟದೆತ್ತರ ಬೆಳೆದಿತ್ತಲ್ಲ, ಅದು? ಅದೆಲ್ಲ ಕಳೆ, ಎಂದರು. ಈ ಮರಿಗಳಿಗೆ ಬಿಸಿಲು ಬೀಳದ ಹಾಗೆ ಮುಚ್ಚಿಕೊಂಡಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಅದರ ಬೀಜವೆಲ್ಲ ಇಲ್ಲೇ ಉದುರಿ, ಮುಂದಿನ ವರ್ಷ ಏನೂ ಉಳಿಯುತ್ತಿರಲಿಲ್ಲ. ಮೊದಲ ಬೇಸಿಗೆಯಲ್ಲಿ ಮೊಣಕಾಲಿಗೆ ಬಂದಾಗಲೆಲ್ಲ ಗೇಣುದ್ದ ಬಿಟ್ಟು ಕತ್ತರಿಸಬೇಕು ಎಂದು ತಮ್ಮ ಟಿಪ್ಪಣಿಯಲ್ಲಿ ಬರೆದಿರಲಿಲ್ಲವೇ, ಎಂದು ಕೇಳಿದರು.

ಬರೆದಿದ್ದರು, ಎರಡನೆಯ ಪುಟದಲ್ಲಿ. ನಾನು ಮೊದಲ ಪುಟ ಮಾತ್ರ ಓದಿದ್ದೆ. ಇಳಿಜಾರು ಎಷ್ಟಿರಬೇಕು, ಬೀಜ ಎಷ್ಟು ಎಂಬ ಅಂಕಿಗಳು ಇದ್ದದ್ದು ಅಲ್ಲಿ. ಅಂಕಿ ಮುಗಿದಲ್ಲಿ ನನ್ನ ಓದೂ ಮುಗಿದಿತ್ತು. ಇಡೀ ಬೇಸಿಗೆ ದಿನಾ ಬೆಳಿಗ್ಗೆ ಅಳತೆಪಟ್ಟಿ ಹಿಡಿದು ನಾನು ಬರೆದಿಟ್ಟುಕೊಂಡದ್ದು ಕಳೆಯ ಎತ್ತರವನ್ನು. ಕಿಟಕಿಯಲ್ಲಿ ನಿಂತ ಹೆಂಗಸಿಗೆ ಅದು ಮೊದಲ ದಿನವೇ ಗೊತ್ತಿತ್ತು.

ನಿರಾಳವಾಯಿತು ಎಂದರೆ ಸಾಲದು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆ ಒದ್ದೆ ನೆಲದ ಮೇಲೆ, ಇಂಟರ್‌ವ್ಯೂಗೆಂದು ಹಾಕಿದ್ದ ಇಸ್ತ್ರಿ ಪ್ಯಾಂಟಿನಲ್ಲೇ ಕುಳಿತುಬಿಟ್ಟೆ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಟೀಚರ್ ಅದನ್ನು ನೋಡದವರ ಹಾಗೆ ಹಳದಿ ಹೂವಿನ ಗಿಡಗಳ ಕಡೆ ಹೋದರು. ನಾವು ಬಿತ್ತಿದ್ದರಲ್ಲಿ ಒಂದೇ ವರ್ಷ ಬಾಳುವ ಗಿಡ ಇದೊಂದೇ, ಇದನ್ನು ಕತ್ತರಿಸಬಾರದು, ಇದು ನಿಮ್ಮ ಅತ್ತೆಗೆ ಹೇಗೆ ಗೊತ್ತಾಯಿತು ಎಂದು ಬೆರಗಿನಿಂದ ಕೇಳಿದರು. ಸಂಜೆ ಹೆಂಡತಿ ಬಂದ ಮೇಲೆ ಅವಳ ಮೂಲಕ ಕೇಳಿಸಿದೆ. "ತಂಗಡಿ ಗಿಡದಂಗ ಐತಿ ಅದು, ಎಲಿ ನೋಡಿದ್ರ ತಿಳೀತದ. ಹೂ ಬಿಟ್ಟ ತಂಗಡಿ ಯಾರರ ಕೊಯ್ತಾರೇನವಾ?" ಎಂದರಂತೆ. ಆವರಿಕೆ ಎಂದು ನಾವು ಮೈಸೂರಿನವರು ಕರೆಯುವುದು ಅದನ್ನೇ. ಮರುದಿನ ಟೀಚರ್ ಪುಸ್ತಕ ತೆಗೆದು ನೋಡಿ, ಎರಡೂ ಒಂದೇ ಬಳಗದ ಗಿಡಗಳು ಎಂದು ಸಂಭ್ರಮದಿಂದ ಬಂದು ಹೇಳಿದರು.

ಟೀಚರ್ ಅವತ್ತು ಸಂಜೆಯೇ ಸಂಘಕ್ಕೆ ಫೋನ್ ಮಾಡಿ ಆ ಕಾಗದ ತಪ್ಪಾಗಿ ಬಂದದ್ದು ಎಂದು ಒಪ್ಪಿಸಿದರು. ನನಗೆ ಇನ್ನೊಂದು ಕೆಲಸ ಬಾಕಿ ಇತ್ತು. ಗುರುವಾರ ಬೆಳಿಗ್ಗೆ ಹೆಂಡತಿ ಹೋದ ಮೇಲೆ ಅಡುಗೆಮನೆಗೆ ಹೋದೆ. ತೊಳೆದ ಲೋಟವನ್ನೇ ಎರಡು ಸಲ ತೊಳೆದೆ. ಕೊನೆಗೆ ಫ್ರಿಜ್ಜಿನ ಕಡೆ ಮುಖ ಮಾಡಿದೆ.

"ಕೂಗಾಡಿದ್ದು ತಪ್ಪಾಯ್ತಂತೆ. ಅವರು ಕೊಯ್ದಿದ್ರಿಂದಾನೇ ಗಿಡ ಉಳೀತಂತೆ."

ಅತ್ತೆಯವರು ಒಲೆಗೆ ಹೇಳಿದರು, "ಚಾ ಆಗೇದಂತ. ಕುಡಿಬೇಕಂತ." ಸೆರಗಿನ ಒಳಗೆ ನಗುತ್ತಿದ್ದರು ಎಂದು ನನ್ನ ಅನುಮಾನ.

ಶನಿವಾರ ಹತ್ತು ಗಂಟೆಗೆ ಐವರೂ ಬಂದರು. ಎದುರು ಸಾಲಿನವನೂ ಕೈಕಟ್ಟಿಕೊಂಡು ಬಂದು ನಿಂತ. ಗುರುವಾರ ರಾತ್ರಿ ಒಳ್ಳೆಯ ಮಳೆ ಬಿದ್ದಿತ್ತು. ಮಿಕ್ಕ ತಗ್ಗಿನಲ್ಲೆಲ್ಲ ಬೂಟು ಹೂತುಹೋಗುವ ಕೆಸರು, ನಮ್ಮ ನೂರು ಅಡಿಯಲ್ಲಿ ಮಾತ್ರ ನೀರು ಇಂಗಿ ನೆಲ ಗಟ್ಟಿಯಾಗಿತ್ತು. ಸಮನಾಗಿ ಕೊಯ್ದ ಹಸಿರು, ಅದರ ಮಧ್ಯೆ ಹಳದಿ ಹೂಗಳು, ಹೂವಿನ ತುಂಬ ಜೇನುಹುಳ. ಖಾಲಿಮನೆಯ ಹುಲ್ಲಿನ ನೆನಪು ಅದನ್ನು ನೋಡಿದ ಯಾರಿಗೂ ಬರುವ ಹಾಗಿರಲಿಲ್ಲ. ಎದುರು ಸಾಲಿನವನು, ಇಷ್ಟು ಅಚ್ಚುಕಟ್ಟಾಗಿ ಕತ್ತರಿಸುವ ಕಂಪನಿ ಯಾವುದು ಎಂದು ಕೇಳಿದ. ಟೀಚರ್ ಅಡುಗೆಮನೆಯ ಕಿಟಕಿಯತ್ತ ಕೈ ತೋರಿಸಿದರು. ಕಿಟಕಿಯಲ್ಲಿದ್ದ ಸೆರಗು ತಟಕ್ಕನೆ ಹಿಂದೆ ಸರಿಯಿತು.

ಅಧ್ಯಕ್ಷರು ಮಿಕ್ಕವರ ಮುಖ ನೋಡಿ, ಸರಿ, ಮುಂದುವರಿಸಿ, ಬರುವ ವರ್ಷ ತಗ್ಗು ಪೂರ್ತಿ ಎಂದರು. ಹತ್ತು ನಿಮಿಷದ ಕೆಲಸ. ಟೀಚರ್ ನನ್ನ ಕೈ ಹಿಡಿದುಕೊಂಡು ಅಲುಗಾಡಿಸಿದರು. ಎರಡು ವರ್ಷದ ನಂತರ ಆ ಕೊಳ ತಿಳಿಯಾಯಿತು, ಬಾತುಕೋಳಿಗಳು ಇಳಿದವು. ಅಷ್ಟರೊಳಗೆ ನನಗೂ ಒಂದು ಕೆಲಸ ಸಿಕ್ಕಿತ್ತು. ಆದರೆ ಆ ಬೇಸಿಗೆಯ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಕೊಳವೂ ಅಲ್ಲ, ಕೆಲಸವೂ ಅಲ್ಲ.

ಅವರೆಲ್ಲ ಹೋದ ಮೇಲೆ ಒಳಗೆ ಬಂದು ಒಪ್ಪಿದರು ಎಂದು ಹೆಂಡತಿಗೆ ಹೇಳಿದೆ. ಅತ್ತೆಯವರು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡರು. ತಗ್ಗಿನ ಬಗ್ಗೆ, ಹೂವಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಹಂಗಾದ್ರ ಗಾಡಿ ಬರೂದಿಲ್ಲ?" ಎಂದರು. ಮಗಳನ್ನಲ್ಲ, ನನ್ನನ್ನು ಕೇಳಿದ್ದು.

"ಬರಲ್ಲ ಅತ್ತೆ."

"ಖರೇನ?"

"ಖಂಡಿತ ಬರಲ್ಲ. ಇಲ್ಲೇ ಇರ್ತೀವಿ."

ಮೂರು ದಿನದಿಂದ ಹೆಂಡತಿ ಇದನ್ನೇ ಹತ್ತು ಸಲ ಹೇಳಿದ್ದಳು. ಮಗಳು ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಂಡಿದ್ದರೋ ಏನೋ. ಈಗ ಸರಸರನೆ ಮಹಡಿ ಹತ್ತಿ ಹೋದರು, ಹಿಂದೆಯೇ ಹೆಂಡತಿಯೂ ಹೋದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಹೆಂಡತಿಯ ದನಿ ಬಂತು, "ರೀ, ಸ್ವಲ್ಪ ಮೇಲೆ ಬರ್ರಿ ಇಲ್ಲಿ."

ಅತ್ತೆಯವರ ಕೋಣೆಯಲ್ಲಿ ಅವರ ದೊಡ್ಡ ಸೂಟ್‌ಕೇಸು ಮಂಚದ ಮೇಲೆ ತೆರೆದಿತ್ತು. ಅದರ ತುಂಬ ನಮ್ಮ ಸಾಮಾನು. ದೇವರ ದೀಪ, ಮದುವೆಯ ಆಲ್ಬಮ್, ಹೆಂಡತಿಯ ಎರಡು ರೇಷ್ಮೆ ಸೀರೆ, ಟವೆಲ್ಲಿನಲ್ಲಿ ಸುತ್ತಿದ ಪ್ರೆಷರ್ ಕುಕ್ಕರ್. ಟ್ರಕ್ಕು ಬಂದರೆ ಅವಸರದಲ್ಲಿ ಏನೂ ಬಿಟ್ಟುಹೋಗಬಾರದೆಂದು ಕಾಗದ ಅಂಟಿಸಿದ ದಿನವೇ ಕಟ್ಟಿಟ್ಟಿದ್ದರು. ಆ ವಾರವೆಲ್ಲ ರೊಟ್ಟಿಯೇ ಊಟ, ಕುಕ್ಕರ್ ಕಾಣದ್ದು ನಮ್ಮಿಬ್ಬರ ಗಮನಕ್ಕೇ ಬಂದಿರಲಿಲ್ಲ. ಕೊಯ್ದರೂ ಕಾಗದ ಹೋಗದಿದ್ದರೆ ಎಂಬ ಭಯ. ಹೆಂಡತಿ ನಗುತ್ತ, ಕಣ್ಣು ಒರೆಸಿಕೊಳ್ಳುತ್ತ ಒಂದೊಂದೇ ತೆಗೆದು ಮಂಚದ ಮೇಲಿಡುತ್ತಿದ್ದಳು. ಎಲ್ಲಕ್ಕಿಂತ ಕೆಳಗೆ, ಅತ್ತೆಯವರ ಒಂದು ಹಳೆಯ ಹತ್ತಿಯ ಸೀರೆಯಲ್ಲಿ ಮಡಿಸಿ ಸುತ್ತಿ ಇಟ್ಟಿದ್ದು ಒಂದು ನೀಲಿ ಫೈಲು. ಬಿಚ್ಚಿ ನೋಡಿದೆ. ಕನ್ನಡದಲ್ಲೂ ಅಚ್ಚಾದ ನನ್ನ ಎಂಜಿನಿಯರಿಂಗ್ ಡಿಗ್ರಿ, ಅಂಕಪಟ್ಟಿಗಳು, ವಾರೆನ್‌ನಲ್ಲಿ ಕೊಟ್ಟ ಅನುಭವದ ಪತ್ರ. ಬೀರುವಿನ ಯಾವ ಮೂಲೆಯಲ್ಲಿತ್ತೋ ನನಗೇ ಮರೆತಿತ್ತು.

"ಅದನ್ನ ಎಲ್ಲಾಕ್ಕಿಂತ ಮೊದಲ ಇಟ್ಟೀನಿ," ಎಂದರು ಅತ್ತೆಯವರು. "ಎಲ್ಲಿಗೆ ಹ್ವಾದ್ರೂ ನಿಮಗ ಅದು ಬೇಕಾಗ್ತದಲ್ಲ."

ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ತುದಿಯಲ್ಲಿ ಕುಳಿತೆ. ಅವರು ಸೆರಗು ಸರಿಮಾಡಿಕೊಂಡು, ಕುಕ್ಕರ್ ಎತ್ತಿಕೊಂಡು ಕೆಳಗೆ ಹೋದರು.